ಪರದೆಯ ಮೇಲೆ ಮೂವತ್ತೊಂದು

ಅಹಮದಾಬಾದ್
12 ಜನವರಿ 2025

ಅಪ್ಪಾ,

ನಿಮ್ಮ ಕಾಗದಕ್ಕಿಂತ ಮೊದಲು ನಿಮ್ಮ ಮಗರಾಯ ಮನೋಜ ಕಳಿಸಿದ ಫೋಟೋ ಬಂತು. ಬಾನೆಟ್ಟಿನ ಮೇಲೆ ಕುಂಕುಮದ ಸ್ವಸ್ತಿಕ, ಚಕ್ರದ ಕೆಳಗೆ ನಿಂಬೆಹಣ್ಣು, ಪಕ್ಕದಲ್ಲಿ ನೀವು. ಮೂವತ್ನಾಲ್ಕು ವರ್ಷ ವಡೋದರಾದಿಂದ ರೈಲು ಓಡಿಸಿದವರು ಒಂದು ಪುಟ್ಟ ಕರೆಂಟಿನ ಕಾರಿನ ಪಕ್ಕ ನಿಂತು ಇಷ್ಟೊಂದು ಬೀಗಬಹುದೆಂದು ನನಗೆ ಗೊತ್ತಿರಲಿಲ್ಲ. ಸೆಕೆಂಡ್ ಹ್ಯಾಂಡ್ ಆದರೇನು, ಅರವತ್ತೆಂಟನೆಯ ವಯಸ್ಸಿನಲ್ಲಿ ನಿಮಗೆ ಮತ್ತೆ ಡ್ಯೂಟಿ ಸಿಕ್ಕಿತು ಅನ್ನಿ!

ಇದನ್ನೆಲ್ಲ ಫೋನಿನಲ್ಲಿ ಹೇಳಬಹುದಿತ್ತು. ಆದರೆ ಡೀಸೆಲ್ ಇಂಜಿನ್ನುಗಳು ನಿಮ್ಮ ಕಿವಿ ತಿಂದು ಹಾಕಿದ ಮೇಲೆ ಫೋನೆಂದರೆ ನಿಮಗೆ ಬರೀ ಗೊರಗೊರ. ವಾಟ್ಸಾಪಿನಲ್ಲಿ ಬರೆದರೆ "ತಂತಿ ಕಳಸಬ್ಯಾಡ, ಕಾಗದ ಬರಿ" ಅನ್ನುತ್ತೀರಿ. ಇರಲಿ, ಗುಜರಾತಿನಲ್ಲೇ ಹುಟ್ಟಿ ಬೆಳೆದ ನನಗೆ ನಾಲ್ಕು ಸಾಲು ಕನ್ನಡ ಬರುತ್ತಿರುವುದೂ ನಿಮ್ಮ ಈ ಹಟದಿಂದಲೇ.

ಈಗ ಕೆಲಸದ ಮಾತು. ಬ್ಯಾಟರಿ ಹೇಗೆ ಸಾಯುತ್ತದೆ ಎಂದು ನೋಡುವುದೇ ನನ್ನ ಹೊಟ್ಟೆಪಾಡು. ನಲವತ್ತೈದು ಡಿಗ್ರಿಯ ಪೆಟ್ಟಿಗೆಯಲ್ಲಿಟ್ಟು ತುಂಬಿಸುತ್ತೇವೆ, ಖಾಲಿ ಮಾಡುತ್ತೇವೆ, ಮತ್ತೆ ತುಂಬಿಸುತ್ತೇವೆ. ನಾಲ್ಕು ವರ್ಷ ಇದನ್ನೇ ಮಾಡಿ ಕಲಿತದ್ದನ್ನು ನಿಮಗೆ ಎರಡೇ ಮಾತಿನಲ್ಲಿ ಹೇಳುತ್ತೇನೆ. ಬ್ಯಾಟರಿಗೆ ಹೊಟ್ಟೆ ಬಿರಿಯುವಷ್ಟು ತಿನ್ನಿಸಬಾರದು, ಉಪವಾಸ ಕೆಡವಬಾರದು. ಶೇಕಡಾ ಎಂಬತ್ತಕ್ಕಿಂತ ಮೇಲೆ ಎಂದೂ ತುಂಬಿಸಬೇಡಿ. ಎಂದೂ ಅಂದರೆ ಎಂದೂ. ಇಪ್ಪತ್ತಕ್ಕಿಂತ ಕೆಳಗೆ ಇಳಿಸಬೇಡಿ. ಬಿಸಿಲಿನಲ್ಲಿ ನಿಲ್ಲಿಸಬೇಡಿ. ಹೀಗೆ ನೋಡಿಕೊಂಡರೆ ಅದು ಹತ್ತು ವರ್ಷ ನಿಮ್ಮನ್ನು ಹೊತ್ತು ತಿರುಗುತ್ತದೆ.

ಅವ್ವನನ್ನು ಮುಂದಿನ ಸೀಟಿನಲ್ಲಿ ಕೂಡಿಸಿಕೊಂಡು ಊರೆಲ್ಲ ಸುತ್ತಿ. ಒಂದು ದಿನ ಇಲ್ಲಿಗೂ ಬನ್ನಿ.

ನಿಮ್ಮ ಬ್ಯಾಟರಿ ಡಾಕ್ಟರ್,
ವಿಂಧ್ಯಾ

*

ವಡೋದರಾ
20 ಫೆಬ್ರುವರಿ 2025

ಮಗಳೇ ವಿಂಧ್ಯಾ,

ನಿನ್ನ ಸೂಚನೆ ಕೈಸೇರಿತು, ಜನವರಿ ಹದಿನಾರರಿಂದ ಜಾರಿಯಾಯಿತು. ಕೆಂಪು ಶಾಯಿಯಲ್ಲಿ ನಕಲು ಮಾಡಿ ಕೆಳಗಿನ ಮೀಟರು ಪೆಟ್ಟಿಗೆಯ ಬಾಗಿಲಿಗೆ ಅಂಟಿಸಿದ್ದೇನೆ. ಒಂದು ಲಾಗ್ ಪುಸ್ತಕವನ್ನೂ ತೆರೆದಿದ್ದೇನೆ. ಗಾಡಿ ಹೊರಟ ಹೊತ್ತು, ಬಂದ ಹೊತ್ತು, ಪರದೆಯ ಅಂಕಿ, ಓಡಿದ ಕಿಲೋಮೀಟರು, ಹೊರಗಿನ ಬಿಸಿ. ನಿಮ್ಮವ್ವ ನೋಡಿ, "ತರಕಾರಿ ತರಲಿಕ್ಕೆ ಹೋಗಿದ್ದೂ ಬರೀತೀರೇನು?" ಅಂದಳು. ಬರೆಯುತ್ತೇನೆ. ಲೋಕೋ ಪೈಲಟ್ ಕೆಲಸದಲ್ಲಿ ಲಿಖಿತ ಸೂಚನೆ ಬಂದ ಮೇಲೆ ಇವತ್ತೊಂದು ದಿನ ಇರಲಿ ಎಂಬ ಮಾತಿಲ್ಲ. ಇವತ್ತೊಂದು ದಿನ ಅಂದವರೆಲ್ಲ ವಿಚಾರಣೆಯ ಮುಂದೆ ನಿಂತದ್ದನ್ನು ನೋಡಿದ್ದೇನೆ.

ಗಾಡಿ ಮಾರಿದ ಭರತೇಶ್ ನಮ್ಮವನೇ, ಹಾಸನದ ಕಡೆಯವನು, ಬ್ಯಾಂಕಿನಲ್ಲಿದ್ದ. ವರ್ಗವಾಗಿ ಊರಿಗೆ ಹೊರಡುವ ಮುಂಚೆ ಹೇಳಿಹೋಗಲು ಬಂದಿದ್ದ. ನನ್ನ ಕೆಂಪು ಬರಹ ನೋಡಿ, "ವಾರಕ್ಕೊಂದ್ಸಲ ಫುಲ್ ಮಾಡ್ಬಿಡಿ ಸಾರ್, ಈ ಗಾಡಿಗೆ ಅದೇ ಒಳ್ಳೇದಂತೆ" ಅಂದ. "ನನ್ನ ಮಗಳು ಬ್ಯಾಟರಿಗೇ ಡಾಕ್ಟರಿದ್ದಾಳ" ಅಂದೆ. ಪಾಪ, ನಕ್ಕು ಕೈಮುಗಿದು ಹೊರಟ.

ಇದರ ಓಟ ನನಗೆ ಹೊಸ ಆಟ ಹಚ್ಚಿದೆ. ಅರವತ್ತರ ವೇಗದಲ್ಲಿ ಹೋದರೆ ಪೂರ್ತಿ ಬ್ಯಾಟರಿಗೆ ಇನ್ನೂರ ಇಪ್ಪತ್ತು ಕಿಲೋಮೀಟರಿನ ಹಿಸಾಬು ಬೀಳುತ್ತದೆ. ತೊಂಬತ್ತಕ್ಕೆ ಏರಿಸಿದರೆ ನೂರ ಎಂಬತ್ತು. ಎ.ಸಿ. ಹಾಕಿದರೆ ಇನ್ನೂ ಹತ್ತು ಹದಿನೈದು ಹೋಯಿತು. ಟಯರಿನ ಗಾಳಿ ಸ್ವಲ್ಪ ಕಡಿಮೆಯಾದರೂ ಅಂಕಿಯಲ್ಲಿ ಗೊತ್ತಾಗುತ್ತದೆ. ಇಂಜಿನ್ನಿನಲ್ಲಿ ಸಾವಿರಾರು ಲೀಟರು ಡೀಸೆಲ್ ತುಂಬಿಕೊಂಡು ಹೋಗುವಾಗ ಇಷ್ಟು ಸೂಕ್ಷ್ಮ ನೋಡಿದವನಲ್ಲ ನಾನು.

ಮೇ ತಿಂಗಳಲ್ಲಿ ಮನೋಜನ ಮಗಳ ಹುಟ್ಟುಹಬ್ಬಕ್ಕೆ ಹಜೀರಾಕ್ಕೆ ಇದರಲ್ಲೇ ಹೋಗುವವರಿದ್ದೇವೆ. ಮನೋಜ ಈಗಿನಿಂದಲೇ "ಟ್ರೇನಿಗೆ ಬರ್ರಿ" ಎನ್ನುತ್ತಿದ್ದಾನೆ. ಟ್ರೇನಿನಲ್ಲಿ ಬಹಳ ಹೋಗಿದ್ದೇನೆ ಎಂದು ಉತ್ತರ ಬರೆದಿದ್ದೇನೆ.

ಡ್ಯೂಟಿಯಲ್ಲಿರುವ,
ಅಪ್ಪ

*

ಹಜೀರಾ
15 ಮೇ 2025

ವಿಂಧ್ಯಾ,

ಮನೋಜ ನಿನಗೆ ಫೋನಿನಲ್ಲಿ ಹೇಳಿದ್ದಾನೆ. ಅವನು ಅಲ್ಲಿರಲಿಲ್ಲ. ನಾನಿದ್ದೆ, ಆದ್ದರಿಂದ ನಾನು ಬರೆಯುತ್ತೇನೆ.

ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ವಡೋದರಾ ಬಿಟ್ಟೆವು. ಹೊರಡುವ ಮುಂಚೆ ನಿಮ್ಮವ್ವ, "ದೂರದ ಹಾದಿ, ಇವತ್ತರೆ ಪೂರ್ತಿ ತುಂಬಸ್ರಿ" ಅಂದಳು. "ಲಿಖಿತ ಸೂಚನಾ ಅದ" ಅಂದೆ. ಎಂಬತ್ತರಲ್ಲೇ ಹೊರಟೆ. ಅಂಕಲೇಶ್ವರ ದಾಟಿ ಇಪ್ಪತ್ತೈದು ಕಿಲೋಮೀಟರಿನ ಮೇಲೆ ಒಂದು ಹೋಟೆಲಿನಲ್ಲಿ ಚಾರ್ಜಿಂಗ್ ಇದೆ. ಅಲ್ಲಿ ನಮಗೂ ಊಟ, ಗಾಡಿಗೂ ಊಟ ಎಂದು ಮೊದಲೇ ಗೊತ್ತುಮಾಡಿಕೊಂಡಿದ್ದೆ. ಬಿಸಿಲು ನಲವತ್ಮೂರು, ಎ.ಸಿ. ಹಾಕಿದ್ದೆ, ವೇಗ ಎಂಬತ್ತು ಮೀರಿಸಲಿಲ್ಲ. ಅಂಕಲೇಶ್ವರ ದಾಟಿದಾಗ ಪರದೆ ನೋಡಿದೆ. ಮೂವತ್ತೊಂದು ಇತ್ತು. ಹೋಟೆಲು ಮುಟ್ಟಿದರೂ ಹದಿನೈದು ಹದಿನಾರು ಉಳಿಯಬೇಕು. ನೀನು ಹೇಳಿದ ಇಪ್ಪತ್ತಕ್ಕಿಂತ ಸ್ವಲ್ಪ ಕೆಳಗೆ ಇಳಿಯುತ್ತದಲ್ಲ ಎಂದು ಅದೊಂದೇ ಮನಸ್ಸಿಗೆ ಕಸಿವಿಸಿಯಾಗಿತ್ತು.

ಅಲ್ಲೇ ಮುಂದೆ ಒಂದು ಮೇಲ್ಸೇತುವೆ ಏರುವಾಗ ಗಾಡಿ ಸೊರಗಿತು. ಒತ್ತಿದರೂ ಏಳಲಿಲ್ಲ. ವೇಗ ಎಂಬತ್ತಿದ್ದದ್ದು ನಲವತ್ತು, ಇಪ್ಪತ್ತು. ಪರದೆಯ ಮೇಲೆ ಶಕ್ತಿ ಮುಗಿಯಿತೆನ್ನುವ ಆಮೆಯ ಚಿತ್ರ ಬಂತು, ಮೂವತ್ತೊಂದು ಹೋಗಿ ಸೊನ್ನೆ ಬಂತು. ಏರಿನ ನಡುವೆ, ನಡುವಿನ ಸಾಲಿನಲ್ಲೇ ನಿಂತುಬಿಟ್ಟಿತು. ನಡುದಾರಿಯಲ್ಲಿ ರೈಲು ನಿಂತರೆ ಹಿಂದಿನಿಂದ ಬರುವ ಗಾಡಿಗೆ ಮೊದಲು ಎಚ್ಚರಿಕೆ ಕೊಡಬೇಕು. ಅದೇ ಅಭ್ಯಾಸ ನನಗೆ. ಇಳಿದು, ಡಿಕ್ಕಿಯಲ್ಲಿ ತಲೆ ಹಾಕಿ ಕೆಂಪು ತ್ರಿಕೋನ ಹುಡುಕುತ್ತಿದ್ದೆ. ಯಾರೋ ಅಂಗಿ ಹಿಡಿದು ಜಗ್ಗಿದಂತಾಯಿತು. ನಿಮ್ಮವ್ವ. ಇಬ್ಬರೂ ರಸ್ತೆಯ ಬದಿಗೆ ಬಿದ್ದೆವು. ಒಂದು ಟ್ಯಾಂಕರು ನಮ್ಮ ಗಾಡಿಯ ಹಿಂದಿನ ಮೂಲೆಯನ್ನು ಕಿತ್ತುಕೊಂಡು ಮುಂದೆ ಹೋಗಿ ನಿಂತಿತು. ಅವಳ ಎಡಗೈ ನನ್ನ ಮೈ ಕೆಳಗೆ ಸಿಕ್ಕಿ ಎರಡು ಕಡೆ ಮುರಿದಿದೆ. ಸೂರತ್ತಿನಲ್ಲಿ ಆಪರೇಷನ್ ಆಗಿ ರಾಡು ಹಾಕಿದ್ದಾರೆ. ಅವಳು ಜಗ್ಗದಿದ್ದರೆ ಈ ಕಾಗದ ಬರೆಯಲು ನಾನಿರುತ್ತಿರಲಿಲ್ಲ.

ಗಾಡಿಯನ್ನು ಎಳೆದುಕೊಂಡು ಹೋಗಿ ಸೂರತ್ತಿನ ಉಧ್ನಾದ ಒಂದು ವರ್ಕ್‌ಶಾಪಿನಲ್ಲಿ ಬಿಟ್ಟರು. ಅವರು ಪೂರ್ತಿ ಚಾರ್ಜ್ ಮಾಡಿ, ಓಡಿಸಿ ನೋಡಿ, ಯಾವ ದೋಷವೂ ಇಲ್ಲ, ಬ್ಯಾಟರಿಯ ಆರೋಗ್ಯ ತೊಂಬತ್ಮೂರು ಎಂದು ಬರೆದುಕೊಟ್ಟಿದ್ದಾರೆ. ಮನೋಜ ಆ ಹಾಳೆಯನ್ನು ನನ್ನ ಮುಂದೆ ಇಟ್ಟ. "ಮೂವತ್ತೊಂದಿತ್ತು" ಅಂದೆ. ಅವನು ನಿಮ್ಮವ್ವನ ಕಡೆ ತಿರುಗಿ, ನನಗೂ ತಿಳಿಯಲೆಂದು ಕೈಸನ್ನೆಯಲ್ಲಿ ಕೇಳಿದ, ನೀ ನೋಡಿದ್ಯಾ ಎಂದು. ಅವಳು ಇಲ್ಲ ಎಂದು ತಲೆಯಾಡಿಸಿದಳು.

ಕೀ ಈಗ ಮನೋಜನ ಕಪಾಟಿನಲ್ಲಿದೆ. ಇನ್ನು ನಾನು ಗಾಡಿ ಮುಟ್ಟಬಾರದಂತೆ. ನೀನು ಅವನಿಗೆ ಒಂದೇ ಮಾತು ಹೇಳು, ಮೂವತ್ತೊಂದರಲ್ಲೂ ಗಾಡಿ ನಿಲ್ಲಬಹುದು ಎಂದು. ನೀನು ಹೇಳಿದರೆ ನಂಬುತ್ತಾನೆ.

ಕಾಯುತ್ತಿರುವ,
ಅಪ್ಪ

*

ಅಹಮದಾಬಾದ್
20 ಮೇ 2025

ಅಪ್ಪಾ,

ಹೇಳಲಾರೆ.

ನಿಮ್ಮ ಕಾಗದ ಕೈಯಲ್ಲಿ ಹಿಡಿದು ಅತ್ತಿದ್ದೇನೆ. ಆ ಟ್ಯಾಂಕರು ಒಂದು ಮೊಳ ಈಚೆ ಬಂದಿದ್ದರೆ ಎಂದು ನೆನೆದು ರಾತ್ರಿ ಎದ್ದು ಕೂರುತ್ತೇನೆ. ಆದರೆ ನನ್ನ ಕೆಲಸ ನನಗೆ ಗೊತ್ತು. ಬಿಸಿಲಿಗೆ ಓಟ ಕಡಿಮೆಯಾಗುತ್ತದೆ, ಹೌದು. ಎ.ಸಿ. ತಿನ್ನುತ್ತದೆ, ಹೌದು. ಎರಡು ವರ್ಷದ ಬ್ಯಾಟರಿ ಹೊಸದರಷ್ಟು ಹಿಡಿಯುವುದಿಲ್ಲ, ಅದೂ ಹೌದು. ಇವೆಲ್ಲ ಸೇರಿದರೆ ಅಂಕಿ ಬೇಗ ಬೇಗ ಇಳಿಯುತ್ತದೆ, ಅಷ್ಟೆ. ತೊಂಬತ್ಮೂರರ ಆರೋಗ್ಯವಿರುವ ಬ್ಯಾಟರಿ ಮೂವತ್ತೊಂದರಿಂದ ನೇರವಾಗಿ ಸೊನ್ನೆಗೆ ಬೀಳುವುದಿಲ್ಲ. ನಾನು ಇನ್ನೂರಕ್ಕೂ ಹೆಚ್ಚು ಬ್ಯಾಟರಿಗಳನ್ನು ಸಾಯಿಸಿದ್ದೇನೆ, ಒಂದೂ ಹೀಗೆ ಸತ್ತಿಲ್ಲ.

ಎಂಬತ್ತರ ವೇಗದಲ್ಲಿ, ಕಣ್ಣಿಗೆ ಬಿಸಿಲು ಹೊಡೆಯುವಾಗ, ಅರೆಕ್ಷಣ ನೋಡಿದ್ದೀರಿ. ಹದಿಮೂರನ್ನು ಮೂವತ್ತೊಂದು ಎಂದು ಓದಿದ್ದೀರಿ. ಯಾರಿಗಾದರೂ ಆಗಬಹುದು. ಇದರಲ್ಲಿ ಅವಮಾನವೇನಿಲ್ಲ.

ಅವ್ವನ ಕೈಯಲ್ಲಿ ರಾಡು ಕೂತಿದೆ, ಅಪ್ಪಾ. ಈಗಲೂ ಅಂಕಿಗಾಗಿ ಜಗಳ ಆಡಬೇಡಿ. ಮನೋಜ ಕೀ ತೆಗೆದುಕೊಂಡಿದ್ದರೆ ಅವನಲ್ಲೇ ಇರಲಿ. ಅವನು ಸೂರತ್ತಿನಲ್ಲಿ ಒಬ್ಬ ಡಾಕ್ಟರನ್ನು ನೋಡಿದ್ದಾನಂತೆ, ನೆನಪಿನ ಶಕ್ತಿಯ ಪರೀಕ್ಷೆ ಮಾಡುತ್ತಾರಂತೆ. ಹೋಗಿ ಬನ್ನಿ. ನನ್ನ ಸಲುವಾಗಿ.

ವಿಂಧ್ಯಾ

*

ಹಜೀರಾ
16 ಜೂನ್ 2025

ವಿಂಧ್ಯಾ,

ಪರೀಕ್ಷೆಗೆ ಹೋಗಿ ಬಂದೆ. ಡಾಕ್ಟರು ಸಣ್ಣ ಹುಡುಗಿ, ನಿನ್ನ ವಯಸ್ಸಿನವಳು. ಹಿಂದಿಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಬರೆದು ಕೇಳಿದಳು. ಗಡಿಯಾರ ಬರೆದು ಹನ್ನೊಂದು ಹತ್ತು ತೋರಿಸಿ ಅಂದಳು, ತೋರಿಸಿದೆ. ನೂರರಿಂದ ಏಳೇಳು ಕಳೆಯುತ್ತ ಹೋಗಿ ಅಂದಳು. ತೊಂಬತ್ಮೂರು, ಎಂಬತ್ತಾರು ಅಂದೆ. ಮೂರನೆಯದಕ್ಕೆ ತಡವರಿಸಿದೆ. ಉತ್ತರ ಗೊತ್ತಿತ್ತು, ಆದರೆ ಬಾಯಿ ಬಿಡುವ ಮೊದಲು ಇನ್ನೊಮ್ಮೆ ಮನಸ್ಸಿನಲ್ಲಿ ತಾಳೆ ನೋಡಿದೆ. ಈಗೀಗ ಎಲ್ಲವನ್ನೂ ತಾಳೆ ನೋಡುತ್ತೇನೆ. ಪಕ್ಕದಲ್ಲಿ ಕೂತ ಮನೋಜ ಅದನ್ನು ಮೊಬೈಲಿನಲ್ಲಿ ಬರೆದುಕೊಂಡ. ವಯಸ್ಸಿಗೆ ತಕ್ಕಂತೆ ಇದ್ದೀರಿ, ಆರು ತಿಂಗಳು ಬಿಟ್ಟು ಮತ್ತೆ ನೋಡೋಣ ಎಂದು ಅವಳು ಬರೆದುಕೊಟ್ಟಳು.

ಕೆಂಪನ್ನು ಹಸಿರೆಂದು ಓದಿದ ದಿನ ಒಂದೂ ಇಲ್ಲ ನನ್ನ ಮೂವತ್ನಾಲ್ಕು ವರ್ಷದಲ್ಲಿ. ಕಿವಿ ಹೋಯಿತು, ಕಣ್ಣಿದೆಯಲ್ಲ ಎಂದು ಧೈರ್ಯವಾಗಿದ್ದೆ. ಈಗ ಗ್ಯಾಸಿನ ಗುಂಡಿ ಮೂರು ಸಲ ನೋಡುತ್ತೇನೆ. ಮೊಮ್ಮಗಳನ್ನು ಎತ್ತಿಕೊಳ್ಳುವಾಗ ಕೆಳಗೆ ಬಿಟ್ಟುಬಿಟ್ಟೇನೋ ಎಂದು ಹೆದರುತ್ತೇನೆ. ಹದಿಮೂರೇ ಇದ್ದಿರಬೇಕು. ಮೊದಮೊದಲು ಕಣ್ಣು ಮುಚ್ಚಿದರೆ ಮೂವತ್ತೊಂದು ಕಾಣುತ್ತಿತ್ತು. ನಿನ್ನ ಕಾಗದ ಬಂದ ಮೇಲೆ ಹದಿಮೂರೇ ಕಾಣುತ್ತದೆ. ನಿಮ್ಮವ್ವನ ಕೈ ಮುರಿದದ್ದು ನನ್ನಿಂದ.

ಲಾಗ್ ಪುಸ್ತಕವನ್ನು ಇದರೊಂದಿಗೆ ಕಳಿಸಿದ್ದೇನೆ. ನನಗಿನ್ನು ಅದರ ಉಪಯೋಗವಿಲ್ಲ. ನಿನ್ನ ಕೆಲಸಕ್ಕೆ ಬಂದರೆ ಇಟ್ಟುಕೋ, ಇಲ್ಲವಾದರೆ ರದ್ದಿಗೆ ಹಾಕು.

ಭೀಮಸೇನ

*

ಅಹಮದಾಬಾದ್
28 ಜೂನ್ 2025

ಅಪ್ಪಾ,

ಪುಸ್ತಕ ಸಿಕ್ಕಿತು. ಆಫೀಸಿನಲ್ಲಿ ಉಸಿರಾಡಲು ಬಿಡುವಿಲ್ಲ, ಅದಕ್ಕೇ ತಡವಾಯಿತು. ಅವ್ವನ ಕೈಗೆ ವ್ಯಾಯಾಮ ಶುರುಮಾಡಿದ್ದಾರೆಂದು ಮನೋಜ ಹೇಳಿದ. ಬಿಡದೆ ಮಾಡಿಸಿ. ಇಲ್ಲಿ ಮಳೆ ಬಂದು ಸೆಕೆ ಸ್ವಲ್ಪ ಇಳಿದಿದೆ.

ಅಪ್ಪಾ, ನೀವು ಹದಿಮೂರು ಎಂದು ಒಪ್ಪಿಕೊಳ್ಳಬೇಕಾಗಿಲ್ಲ. ಅಂದರೆ, ಅದನ್ನೇ ಯೋಚಿಸುತ್ತ ಕೂರಬೇಡಿ ಎಂದೆ. ಉಳಿದದ್ದು ಮತ್ತೆ ಬರೆಯುತ್ತೇನೆ.

ವಿಂಧ್ಯಾ

*

ಹಜೀರಾ
8 ಜುಲೈ 2025

ವಿಂಧ್ಯಾ,

ಮತ್ತೆ ಬರೆಯುತ್ತೇನೆ ಎಂದು ನೀನು ಹೇಳಿದ್ದೆ. ಬರಲಿಲ್ಲ.

ಗಾಡಿಯ ಮೂಲೆ ರಿಪೇರಿಯಾಗಿದೆ. ಮನೋಜನ ಜೊತೆ ಪ್ಲಾಂಟಿನಲ್ಲಿರುವ ಮಹೇಶ್ ಎಂಬವರು ಕೊಳ್ಳುತ್ತಾರಂತೆ. ಇಪ್ಪತ್ತೇಳನೆಯ ತಾರೀಖು ಭಾನುವಾರ ಬಂದು ತೆಗೆದುಕೊಂಡು ಹೋಗುತ್ತಾರೆ. ಗಾಡಿ ಹೋದ ಮೇಲೆ ವಡೋದರಾದ ಮನೆಯಲ್ಲಿ ನಾವಿಬ್ಬರೇ ಇರುವುದು ಬೇಡ, ಇಲ್ಲಿ ಪ್ಲಾಂಟಿನ ಕಾಲೊನಿಯಲ್ಲೇ ತನ್ನ ಜೊತೆ ಇದ್ದುಬಿಡಿ ಎಂದು ಮನೋಜನ ಅಭಿಪ್ರಾಯ. ನನ್ನದೇನೂ ಅಭಿಪ್ರಾಯವಿಲ್ಲ. ನಿನಗೆ ತಿಳಿದಿರಲಿ ಎಂದು ಬರೆದೆ.

ಭೀಮಸೇನ

*

ಅಹಮದಾಬಾದ್
19 ಜುಲೈ 2025

ಅಪ್ಪಾ,

ಇದನ್ನು ಕೂತುಕೊಂಡು ಓದಿ.

ನೀವು ಓದಿದ್ದು ಸರಿ. ಮೂವತ್ತೊಂದೇ ಇತ್ತು. ಗಾಡಿ ನಿಂತದ್ದು ನಿಮ್ಮಿಂದಲ್ಲ, ನನ್ನಿಂದ.

ನಿಮ್ಮ ಲಾಗ್ ಪುಸ್ತಕ ಬಂದ ದಿನ ಸುಮ್ಮನೆ ಪುಟ ತಿರುವುತ್ತಿದ್ದೆ. ಜನವರಿ ಹದಿನಾರರಿಂದ ಮೇ ಹನ್ನೊಂದರವರೆಗೆ ನೂರಾ ಹದಿನಾರು ದಿನ. ಪ್ರತಿ ಚಾರ್ಜಿನ ಮುಂದೆ ನಿಮ್ಮ ದುಂಡನೆಯ ಅಕ್ಷರದಲ್ಲಿ ಎಂಬತ್ತು, ಎಂಬತ್ತು, ಎಂಬತ್ತು. ಒಂದು ದಿನವೂ ನೂರಿಲ್ಲ. ಬೇರೆ ಯಾರೇ ಆಗಿದ್ದರೂ ನಡುವೆ ಮರೆತು ಒಮ್ಮೆ ಪೂರ್ತಿ ತುಂಬಿಸಿರುತ್ತಿದ್ದರು. ಹಾಗೆ ಮರೆತಿದ್ದರೆ ಅವ್ವನ ಕೈ ಉಳಿಯುತ್ತಿತ್ತು. ನೀವು ಮರೆಯಲಿಲ್ಲ, ಏಕೆಂದರೆ ನಾನು "ಎಂದೂ ಅಂದರೆ ಎಂದೂ" ಎಂದು ಬರೆದಿದ್ದೆ. ಭರತೇಶ್ ವಾರಕ್ಕೊಮ್ಮೆ ಪೂರ್ತಿ ತುಂಬಿಸಿ ಎಂದದ್ದನ್ನೂ ನೀವು ಫೆಬ್ರುವರಿಯಲ್ಲೇ ನನಗೆ ತಿಳಿಸಿದ್ದಿರಿ. ನಾನು ಓದಿ ನಕ್ಕಿದ್ದೆ.

ಬ್ಯಾಟರಿಯಲ್ಲಿ ಜಾತಿಗಳಿವೆ, ಅಪ್ಪಾ. ನಾನು ದಿನವೂ ಪರೀಕ್ಷೆ ಮಾಡುವುದು ನಿಕ್ಕಲ್ ಇರುವ ಜಾತಿ. ಎಂಬತ್ತರ ನಿಯಮ ಅದರದು. ನಿಮ್ಮ ಗಾಡಿಯಲ್ಲಿರುವುದು ಕಬ್ಬಿಣದ ಜಾತಿ. ಅದರ ವೋಲ್ಟೇಜು ಮುಕ್ಕಾಲು ತುಂಬಿದಾಗಲೂ ಅರ್ಧಕ್ಕಿಳಿದಾಗಲೂ ಹೆಚ್ಚುಕಡಿಮೆ ಒಂದೇ. ಹಾಗಾಗಿ ಒಳಗೆ ನಿಜವಾಗಿ ಎಷ್ಟು ಉಳಿದಿದೆ ಎಂದು ಗಾಡಿಗೇ ಸರಿಯಾಗಿ ತಿಳಿಯುವುದಿಲ್ಲ. ಅವ್ವ ಹಿಟ್ಟಿನ ಡಬ್ಬಿ ತೆರೆಯದೆ, ಎಷ್ಟು ಹಾಕಿದ್ದೆ ಎಷ್ಟು ತೆಗೆದೆ ಎಂದು ನೆನೆದು ಹೇಳುತ್ತಾಳಲ್ಲ, ಹಾಗೆ ಅಂದಾಜು ಮಾಡಿ ಪರದೆಯ ಮೇಲೆ ತೋರಿಸುತ್ತದೆ. ದಿನಕ್ಕಿಷ್ಟು ತಪ್ಪು ಸೇರುತ್ತ ಹೋಗುತ್ತದೆ. ಪೂರ್ತಿ ತುಂಬಿದ ದಿನ ಮಾತ್ರ ಆ ತಪ್ಪನ್ನು ಅದು ತಿದ್ದಿಕೊಳ್ಳಬಲ್ಲದು. ನೀವು ಎಂಬತ್ತೆಂದು ಹೊರಟ ದಿನ ಒಳಗೆ ಐವತ್ತೂ ಇರಲಿಲ್ಲ. ಉಧ್ನಾದವರು ಪೂರ್ತಿ ಚಾರ್ಜ್ ಮಾಡಿದರಲ್ಲ, ಆಗ ಎಲ್ಲ ಸರಿಹೋಗಿ, ದೋಷವಿದ್ದ ಗುರುತೂ ಅಳಿಸಿಹೋಯಿತು. ಅದಕ್ಕೇ ಅವರಿಗೇನೂ ಸಿಗಲಿಲ್ಲ.

ನಿಮ್ಮ ಗಾಡಿಯಲ್ಲಿ ಯಾವ ಜಾತಿ ಇದೆ ಎಂದು ನಾನು ಒಂದು ಮಾತು ಕೇಳಬೇಕಿತ್ತು. ಕೇಳಲಿಲ್ಲ. ಡಾಕ್ಟರೆಂದು ಸಹಿ ಹಾಕಿದವಳು ನಾಡಿ ಹಿಡಿಯದೆ ಔಷಧ ಬರೆದೆ.

ಇನ್ನೂ ಇದೆ. ಅನುಮಾನ ಬಂದ ಮೇಲೆ ಗಾಡಿಯ ಕಂಪ್ಯೂಟರಿನಲ್ಲಿ ಉಳಿದಿದ್ದ, ಅವರು ತೆರೆದೇ ನೋಡದಿದ್ದ ದಾಖಲೆಯನ್ನು ವರ್ಕ್‌ಶಾಪಿನಿಂದ ತರಿಸಿಕೊಂಡೆ. ಮೇ ಹನ್ನೊಂದು, ಹನ್ನೆರಡು ಗಂಟೆಗೆ ಎಂಟು ನಿಮಿಷವಿರುವಾಗ ಮೋಟರು ಕೈಬಿಟ್ಟಿದೆ. ಆ ಗಳಿಗೆಯಲ್ಲಿ ಪರದೆಯ ಮೇಲಿದ್ದ ಅಂಕಿ ಮೂವತ್ತೊಂದು. ಈ ದಾಖಲೆ ನನ್ನ ಕೈಗೆ ಬಂದದ್ದು ಜೂನ್ ಇಪ್ಪತ್ತೇಳಕ್ಕೆ. ಮಾರನೆಯ ದಿನವೇ ನಿಮಗೆ ಮಳೆಯ ಸುದ್ದಿ ಬರೆದೆ. ಮೂರು ವಾರ ಬಾಯಿ ಮುಚ್ಚಿಕೊಂಡಿದ್ದೆ. ಏಕೆಂದರೆ ಇದೇ ಎಂಬತ್ತರ ನಿಯಮವನ್ನು ನನ್ನ ಹೆಸರಿನಲ್ಲಿ ಛಾಪಿಸಿ ಇಲ್ಲಿನ ನಾನೂರು ಕರೆಂಟಿನ ಟ್ಯಾಕ್ಸಿಯವರಿಗೆ ಹಂಚಿದ್ದೆವು. ಆ ಗಾಡಿಗಳಲ್ಲೂ ಕಬ್ಬಿಣದ ಜಾತಿಯವು ಇವೆ. ನಿಮಗೆ ಹೇಳಿದರೆ ಅವರಿಗೂ ಹೇಳಬೇಕಾಗುತ್ತಿತ್ತು. ನೀವು ಅಲ್ಲಿ ಗ್ಯಾಸಿನ ಗುಂಡಿ ಮೂರು ಸಲ ನೋಡುತ್ತಿದ್ದೀರಿ ಎಂದು ಗೊತ್ತಿದ್ದೂ ನಾನು ನನ್ನ ಹೆಸರಿಗಾಗಿ ಅಂಜಿ ಕೂತೆ. ಗುರುವಾರ ಮೇಲಿನವರಿಗೆ ಹೇಳಿದೆ. ಹಾಳೆಗಳನ್ನು ವಾಪಸ್ಸು ತರಿಸುತ್ತಿದ್ದಾರೆ, ಆ ಕೆಲಸದಿಂದ ನನ್ನನ್ನು ಬಿಡಿಸಿದ್ದಾರೆ. ನಿನ್ನೆ ಮನೋಜನಿಗೂ ಫೋನ್ ಮಾಡಿ, ಗಾಡಿಯ ದಾಖಲೆಯಲ್ಲೂ ಮೂವತ್ತೊಂದೇ ಇದೆ, ಉಳಿದದ್ದನ್ನು ಅಪ್ಪನಿಗೆ ನಾನೇ ಬರೆಯುತ್ತೇನೆ ಎಂದಿದ್ದೇನೆ.

ಕ್ಷಮಿಸಿ ಎಂದು ಬರೆಯಲು ನಾಚಿಕೆಯಾಗುತ್ತದೆ. ಗಾಡಿ ಮಾರಬೇಡಿ. ನಿಮ್ಮ ಕಣ್ಣು ಸರಿಯಿದೆ, ತಲೆ ಸರಿಯಿದೆ. ಕೀ ಕೇಳಿ ತೆಗೆದುಕೊಳ್ಳಿ.

ನಿಮ್ಮ ಮಗಳು,
ವಿಂಧ್ಯಾ

*

ಹಜೀರಾ
28 ಜುಲೈ 2025

ಮಗಳೇ,

ನಿನ್ನ ಕಾಗದ ಬುಧವಾರ ಬಂತು. ಕೂತುಕೊಂಡು ಓದಿ ಎಂದಿದ್ದೆ, ನಿಂತೇ ಓದಿದೆ. ಆಮೇಲೆ ಪಡಸಾಲೆಯ ನಡುವೆ ನಿಂತು ಮನೋಜನಿಗೆ ಗಟ್ಟಿಯಾಗಿ ಓದಿ ಹೇಳಿದೆ. ನನ್ನ ದನಿ ಎಷ್ಟು ಏರಿತೆಂದು ನನಗೆ ಗೊತ್ತಾಗುವುದಿಲ್ಲ. ಎದುರು ಮನೆಯವರು ಬಾಗಿಲಿಗೆ ಬಂದು ನಿಂತಿದ್ದರು. ಕೇಳಲಿ ಬಿಡು. ಮನೋಜ ಒಳಗೆ ಹೋಗಿ ಕೀ ತಂದು ನನ್ನ ಅಂಗೈಯಲ್ಲಿಟ್ಟ, ಬಗ್ಗಿ ಕಾಲು ಮುಟ್ಟಿದ.

ನಿನ್ನ ಮೇಲೆ ಸಿಟ್ಟಿದೆ, ಸುಳ್ಳು ಹೇಳಲಾರೆ. ಎಂಬತ್ತರ ಸೂಚನೆಗೆ ಅಲ್ಲ. ಸೂಚನೆ ಕೊಟ್ಟವರೂ ತಪ್ಪುತ್ತಾರೆ. ಹದಿಮೂರು ಎಂದೆಯಲ್ಲ, ಅದಕ್ಕೆ. ನನಗೆ ಗೊತ್ತಿಲ್ಲ ಎಂದಿದ್ದರೆ ಸಾಕಿತ್ತು. ಎರಡು ತಿಂಗಳು ನಾನು ನನ್ನನ್ನೇ ನಂಬದೆ ಬದುಕಿದೆ. ಅದರಲ್ಲಿ ಮೂರು ವಾರ ನಿನಗೆ ಗೊತ್ತಿದ್ದೂ ಬದುಕಿದೆ. ಈ ಸಿಟ್ಟು ಇಳಿಯುತ್ತದೆ, ಆದರೆ ಅದಕ್ಕೂ ಸ್ವಲ್ಪ ದಿನ ಬೇಕು. ಆ ನಾನೂರು ಜನಕ್ಕೆ ಹೇಳಿಸಿದೆಯಲ್ಲ, ಅದು ನನ್ನ ಮಗಳು ಮಾಡಿದ ಕೆಲಸ ಎಂದು ನಿಮ್ಮವ್ವನಿಗೆ ಹೇಳಿದೆ.

ಕೀ ಕೈಯಲ್ಲಿ ಹಿಡಿದು ಅವಳಿಗೆ, "ಸಾಮಾನು ಕಟ್ಟು, ಭಾನುವಾರ ನಮ್ಮ ಗಾಡ್ಯಾಗ ವಡೋದರಾಕ್ಕ ಹೋಗೂಣು" ಅಂದೆ. ಅವಳು ಏಳಲಿಲ್ಲ. ಕ್ಯಾಲೆಂಡರಿನ ಹಳೆಯ ಹಾಳೆ ಹರಿದುಕೊಂಡು, ಪೆನ್ಸಿಲು ತೆಗೆದುಕೊಂಡು ಬರೆದು ನನ್ನ ಮುಂದೆ ಇಟ್ಟಳು.

"ಮೂವತ್ತೊಂದ ಇತ್ತು. ನಾ ನೋಡೇನಿ."

ನನಗೆ ಮೊದಲು ಅರ್ಥವೇ ಆಗಲಿಲ್ಲ. ಹಾದಿಯುದ್ದಕ್ಕೂ ಅವಳು ಆ ಪರದೆಯನ್ನೇ ನೋಡುತ್ತ ಬಂದಿದ್ದಳಂತೆ. ನಿಂತಾಗಲೂ ನೋಡಿದ್ದಳಂತೆ. ಮನೋಜ ಕೇಳಿದಾಗ ಬೇಕೆಂದೇ ಇಲ್ಲ ಎಂದಳಂತೆ. ನಾನು ಡಾಕ್ಟರ ಮುಂದೆ ಏಳೇಳು ಕಳೆಯುವಾಗ ಇವಳು ಹೊರಗೆ ಬೆಂಚಿನ ಮೇಲೆ ಕೂತಿದ್ದಳು, ವಿಂಧ್ಯಾ! ಯಾಕೆಂದು ಕೂಗಿದೆ. ಮಗು ಬೆಚ್ಚಿ ಅತ್ತಿತಂತೆ. ಅವಳು ಹಾಳೆ ತಿರುಗಿಸಿ ಹಿಂಬದಿಗೆ ಬರೆದಳು. ಅವಳು ಬರೆದದ್ದನ್ನು ಹಾಗೇ ಇಳಿಸುತ್ತಿದ್ದೇನೆ.

"ಭರೂಚದಿಂದ ಲಾರಿಯವರು ಒಂದ ಸವನ ಹಾರ್ನ್ ಹೊಡೀತಿದ್ರು. ಎಡಕ್ಕ ತಗೋರಿ, ಎಡಕ್ಕ ತಗೋರಿ ಅಂತ ಒದರಿದೆ. ನೀವು ನಕ್ಕೋತ 'ಹೌದು, ರೋಡ ಛಲೋ ಮಾಡ್ಯಾರ' ಅಂದ್ರಿ. ಕಿವೀ ಮಷೀನು ನಿಮ್ಮ ಕಿಸೇದಾಗಿತ್ತು. ನಿಮಗ ಕೇಳಸೂದಿಲ್ಲ, ನನಗ ಎಲ್ಲಾ ಕೇಳಸ್ತದ. ಜನವರಿಯಿಂದ ದಿನಾ ಕೇಳೇನಿ. ಮೂವತ್ತೊಂದ ಅಂತ ಅಂದಿದ್ರ ನಿಮಗ ಕೀ ವಾಪಸ್ ಸಿಗತಿತ್ತು."

ಮಷೀನು ಕಿಸೆಯಲ್ಲಿದ್ದದ್ದು ನಿಜ. ಎ.ಸಿ. ಹಾಕಿದರೆ ಅದರಲ್ಲಿ ಜಲಪಾತದ ಸದ್ದು ಬರುತ್ತದೆ, ತಲೆ ನೋಯುತ್ತದೆ, ಅದಕ್ಕೇ ಗಾಡಿ ಹತ್ತಿದೊಡನೆ ತೆಗೆದುಬಿಡುತ್ತಿದ್ದೆ. ಆ ದಿನದ ವರದಿಯನ್ನು ನಿನಗೆ ಬಿಸಿಲು, ವೇಗ, ಎ.ಸಿ. ಸಮೇತ ಬರೆದೆನಲ್ಲ, ಇದೊಂದನ್ನು ಬರೆಯಲಿಲ್ಲ. ಯಾರೂ ಕೇಳಲೂ ಇಲ್ಲ.

ಮೂರು ದಿನ ಅವಳೊಂದಿಗೆ ಮಾತಾಡಲಿಲ್ಲ. ನನ್ನ ಹೆಂಡತಿ ಎರಡು ತಿಂಗಳು ನನ್ನನ್ನು ನಾನೇ ಹುಚ್ಚನೆಂದು ತಿಳಿಯಲು ಬಿಟ್ಟಳು. ಆದರೆ ಸಿಟ್ಟಿನ ನಡುವೆಯೇ ಇನ್ನೊಂದು ಯೋಚನೆ ಬರುತ್ತಿತ್ತು. ನಾನು ಅಂಕಿ ಓದುತ್ತ, ಓಟ ಎಣಿಸುತ್ತ, ಇಷ್ಟು ಸುಖವಾಗಿ ಯಾವತ್ತೂ ಇರಲಿಲ್ಲ ಎಂದುಕೊಂಡು ಓಡಿಸಿದ ಪ್ರತಿ ಕಿಲೋಮೀಟರಿನಲ್ಲೂ ಪಕ್ಕದ ಸೀಟಿನಲ್ಲಿ ಒಬ್ಬಳು ಜೀವ ಕೈಯಲ್ಲಿ ಹಿಡಿದು ಕೂತಿದ್ದಳು. ಪುಸ್ತಕದಲ್ಲಿ ನಾನು ಎಲ್ಲವನ್ನೂ ಬರೆದೆ, ಅವಳ ಮುಖ ನೋಡಲಿಲ್ಲ.

ಶನಿವಾರ ಮಧ್ಯಾಹ್ನ ಅವಳ ಕೈಗೆ ವ್ಯಾಯಾಮ ಮಾಡಿಸುವ ಹೊತ್ತಾಗಿತ್ತು. ಸುಮ್ಮನೆ ಹೋಗಿ ಪಕ್ಕದಲ್ಲಿ ಕೂತು ಮಾಡಿಸಿದೆ. ಬೆರಳು ಇನ್ನೂ ಪೂರ್ತಿ ಮಡಚುವುದಿಲ್ಲ.

ನಿನ್ನೆ ಭಾನುವಾರ ಹತ್ತು ಗಂಟೆಗೆ ಮಹೇಶ್ ಬಂದರು. ಮನೋಜ ನನ್ನ ಭುಜ ಮುಟ್ಟಿ, ನಿಧಾನವಾಗಿ ತುಟಿ ಬಿಡಿಸಿ, "ಬ್ಯಾಡಂದ್ರ ಬ್ಯಾಡ, ಅಪ್ಪಾ. ಅವರಿಗೆ ನಾ ಹೇಳ್ತೀನಿ" ಅಂದ. ನಾನು ಮಹೇಶರನ್ನು ಗಾಡಿಯ ಹತ್ತಿರ ಕರೆದುಕೊಂಡು ಹೋಗಿ ಎಲ್ಲವನ್ನೂ ತೋರಿಸಿದೆ. ವಾರಕ್ಕೊಮ್ಮೆ ನೂರಕ್ಕೆ ತುಂಬಿಸಿ, ತಪ್ಪಿಸಬೇಡಿ ಎಂದು ಹೇಳಿ, ಒಂದು ಹಾಳೆಯ ಮೇಲೆ ಬರೆದೂ ಕೊಟ್ಟೆ. ಯಾಕೆ ಎಂದು ಕೇಳಿದರು, ಯಾಕೆಂದೂ ಹೇಳಿದೆ. ಆಮೇಲೆ ಕೀ ಕೊಟ್ಟೆ. ಮೇ ತಿಂಗಳಲ್ಲಿ ಅದನ್ನು ನನ್ನಿಂದ ಕಸಿದುಕೊಂಡಿದ್ದರು. ನಿನ್ನೆ ನಾನೇ ಕೊಟ್ಟೆ.

ಶುಕ್ರವಾರ ನಿಮ್ಮವ್ವ ಮತ್ತು ನಾನು ರೈಲಿನಲ್ಲಿ ವಡೋದರಾಕ್ಕೆ ಹೊರಡುತ್ತೇವೆ. ಅಲ್ಲೇ ಇರುತ್ತೇವೆ, ಅದಕ್ಕೆ ಮನೋಜನೂ ಒಪ್ಪಿದ್ದಾನೆ. ನೀನು ರಜೆ ಹಾಕಿ ಬಾ.

ಗಾಡಿ ಕಾಲೊನಿಯ ಗೇಟು ದಾಟುವವರೆಗೆ ಇಬ್ಬರೂ ಅಂಗಳದಲ್ಲಿ ನಿಂತಿದ್ದೆವು. ತಿರುಗುವಾಗ ಮಹೇಶ್ ನನಗಾಗಿ ಒಮ್ಮೆ ಹಾರ್ನ್ ಹೊಡೆದರಂತೆ. ನಿಮ್ಮವ್ವ ಹೇಳಿದಳು.

ನಿನ್ನ ಅಪ್ಪ,
ಭೀಮಸೇನ